ಹಿಂದಿನ ಸೀಟಿನವರು

ನಮ್ಮ ಚಿಟಗುಪ್ಪದಲ್ಲಿ ಕಾರಿನ ಭದ್ರತೆಯನ್ನು ಅಳೆಯುವುದು ಬೆಲೆಯಿಂದ. ಬೀಗರ ಕಾರು ಜರ್ಮನಿಯದಾದರೆ ಮುಗಿಯಿತು, ಒಳಗಿದ್ದವರಿಗೆ ಸಾವೇ ಇಲ್ಲ! ಬಲೂನು ಎಷ್ಟಿವೆ ಎಂದು ಎಣಿಸುವ ಗಂಡಸರು ಹಿಂದಿನ ಸೀಟಿನ ಬೆಲ್ಟಿನ ಮಾತೆತ್ತುವುದಿಲ್ಲ. ಹಿಂದೆ ಕೂರುವವರು ಯಾರು? ನಾವೇ, ಮಡಿಲಲ್ಲಿ ಮೊಮ್ಮಗನನ್ನು ಇಟ್ಟುಕೊಂಡು.

2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಸೇತುವೆಗೆ ಬಡಿದದ್ದು ಮರ್ಸಿಡಿಸ್ ಕಾರು. ಮುಂದಿದ್ದ ಇಬ್ಬರು ಗಾಯಗೊಂಡು ಉಳಿದರು. ಹಿಂದೆ ಬೆಲ್ಟಿಲ್ಲದೆ ಕೂತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಮತ್ತು ಅವರ ಗೆಳೆಯರು ಉಳಿಯಲಿಲ್ಲ. ಅದರ ಹಿಂದಿನ ವರ್ಷ ಬೆಂಗಳೂರಿನ ಕೋರಮಂಗಲದಲ್ಲಿ ಆಡಿ ಕಾರಿನಲ್ಲಿದ್ದ ಏಳು ಜನರೂ ತೀರಿಕೊಂಡರು. ಯಾರೂ ಬೆಲ್ಟ್ ಹಾಕಿರಲಿಲ್ಲ, ಬಲೂನೂ ಬಿಚ್ಚಿರಲಿಲ್ಲ ಎಂದರು ಪೊಲೀಸರು.

ನಕ್ಷತ್ರಗಳಿವೆಯಲ್ಲ ಎನ್ನುತ್ತೀರಿ. 2023ರ ಅಕ್ಟೋಬರಿನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯ ರೀತಿ ಕೇಳಿ: ಗಂಟೆಗೆ 64 ಕಿ.ಮೀ. ವೇಗದಲ್ಲಿ ಕಾರನ್ನು ಎದುರಿಗೆ ಗುದ್ದಿಸುತ್ತಾರೆ. ಮುಂದೆ ಕೂರಿಸುವುದು ಗಂಡಸಿನ ಅಳತೆಯ ಗೊಂಬೆಗಳನ್ನು. ಹಿಂದೆ ಮಕ್ಕಳ ಗೊಂಬೆಗಳು, ಅವೂ ತಮ್ಮದೇ ಸೀಟಿನಲ್ಲಿ ಬಿಗಿದಂತೆ. ಸೀರೆಯುಟ್ಟ ಅಜ್ಜಿ ಆ ಲೆಕ್ಕದಲ್ಲೇ ಇಲ್ಲ. ಅವಳ ಮಡಿಲ ಕೂಸಂತೂ ಮೊದಲೇ ಇಲ್ಲ. ಅಷ್ಟು ವೇಗದಲ್ಲಿ ಬಡಿದರೆ ಹತ್ತು ಕಿಲೋ ಕೂಸನ್ನು ಯಾವ ತೋಳು ಹಿಡಿದೀತು?

ಹಿಂದಿನವರೂ ಬೆಲ್ಟ್ ಹಾಕಬೇಕೆಂಬುದು ಕಾನೂನು, ತಪ್ಪಿದರೆ ದಂಡ ಸಾವಿರ ರೂಪಾಯಿ. ಸೀರೆ ಮುದುಡುತ್ತದೆ ಎಂಬ ನೆವ ನಮ್ಮದು. ಮೇಲಾಗಿ ಹೊಸ ಸೀಟಿಗೆ ಕವರ್ ಹೊದಿಸಿ ಬಕಲ್ಲನ್ನೇ ಒಳಗೆ ಹೂತುಬಿಡುತ್ತಾರೆ. ಹುಮನಾಬಾದಿನ ಹೆದ್ದಾರಿ ಏರುವ ಮುಂಚೆ ಅದನ್ನು ಹೊರಗೆ ತೆಗೆಸಿ, ಅಕ್ಕಂದಿರೇ. ಅಲ್ಲಿಯವರೆಗೆ ಮಗನಾಗಲಿ ಅಳಿಯನಾಗಲಿ, ಗಾಡಿ ಶುರು ಮಾಡಲು ಬಿಡಬೇಡಿ.