ಹಬ್ಬದ ಉಡುಗೊರೆಯನ್ನು ಎಲ್ಲಿ ಕೊಳ್ಳಬೇಕು?

ಹಬ್ಬವು ಸಮೀಪಿಸಿತೆಂದರೆ ನಮ್ಮ ನಗರದ ಮನೆಗಳಲ್ಲಿ ಈಗ ಒಂದು ಚರ್ಚೆ ತಪ್ಪದೆ ಏಳುತ್ತದೆ. ಬಂಧುಗಳಿಗೆ ಕೊಡತಕ್ಕ ಉಡುಗೊರೆಗಳನ್ನು ಬೇಗಂ ಬಜಾರಿಗೋ ಸುಲ್ತಾನ್ ಬಜಾರಿಗೋ ಹೋಗಿ ಕೊಂಡು ತರುವುದೇ, ಅಥವಾ ಮೊಬೈಲನ್ನು ಹಿಡಿದು ಕುಳಿತಲ್ಲಿಂದಲೇ ಆನ್‌ಲೈನಿನಲ್ಲಿ ತರಿಸುವುದೇ? ಹಿರಿಯರೆಲ್ಲರೂ ಬಜಾರಿನ ಪಕ್ಷ, ಕಿರಿಯರೆಲ್ಲರೂ ಮೊಬೈಲಿನ ಪಕ್ಷವೆಂದು ಯಾರೂ ಎಣಿಸಬಾರದು. ನಾವು ಕಂಡ ಮನೆಗಳಲ್ಲಿ ಮೊಣಕಾಲು ನೋವಿನ ಅಜ್ಜಿಯಂದಿರೇ ಮೊಬೈಲನ್ನು ಕೊಂಡಾಡುತ್ತಾರೆ. ಬಜಾರಿಗೆ ಹೋಗಲೇಬೇಕೆಂದು ಹಠ ಹಿಡಿಯುವವರು ಮಕ್ಕಳು. ಆ ಹಠಕ್ಕೆ ಉಡುಗೊರೆಗಿಂತಲೂ ದಾರಿಯಲ್ಲಿ ದೊರೆಯುವ ಮಿರ್ಚಿಭಜಿಯೇ ಹೆಚ್ಚು ಕಾರಣವೆಂಬ ಶಂಕೆ ನಮಗುಂಟು.

ಜನಸಂದಣಿಯನ್ನು ನಾವು ಹೊಗಳಲಾರೆವು. ದೀಪಾವಳಿಯ ವಾರದಲ್ಲಿ ಬೇಗಂ ಬಜಾರಿನ ಓಣಿಯೊಳಗೆ ಹೊಕ್ಕವನು ತನ್ನ ಕಾಲಿನಿಂದ ನಡೆಯುವುದಿಲ್ಲ, ಹಿಂದಿನವರ ನೂಕಿನಿಂದ ನಡೆಯುತ್ತಾನೆ. ತಳ್ಳುಗಾಡಿ, ಸ್ಕೂಟರು, ಆಟೋರಿಕ್ಷಾ, ಮೂಟೆ ಹೊತ್ತ ಹಮಾಲರು, ಇವರೆಲ್ಲರ ನಡುವೆ ಕೂಸನ್ನು ಎತ್ತಿಕೊಂಡ ತಾಯಿಯೊಬ್ಬಳು ನಿಲ್ಲಲು ಒಂದು ಕಟ್ಟೆಯೂ ಇಲ್ಲದೆ ತತ್ತರಿಸುವುದನ್ನು ಕಂಡವರು, ಅಂಗಡಿಗೆ ಹೋಗದವರನ್ನು ಸೋಮಾರಿಗಳೆಂದು ಜರೆಯಲಾರರು. 2020ರ ಫೆಬ್ರವರಿಯಲ್ಲಿ ಸುಲ್ತಾನ್ ಬಜಾರಿಗೆ ಮೆಟ್ರೋ ರೈಲು ಬಂದ ಮೇಲೆ ಅಲ್ಲಿಗೆ ತಲುಪುವುದು ಸುಲಭವಾಗಿದೆ. ತಲುಪಿದ ಮೇಲೆ ನಡೆಯುವುದು ಸುಲಭವಾಗಿಲ್ಲ.

ದೂರದ ವಸ್ತುವನ್ನು ಮನೆಯ ಬಾಗಿಲಿಗೆ ತರಿಸುವುದು ಹೊಸ ಪದ್ಧತಿಯೇನೂ ಅಲ್ಲ. ಭಾರತದ ಅಂಚೆಯಲ್ಲಿ ವಿ.ಪಿ.ಪಿ. ಪದ್ಧತಿಯು 1877ರಲ್ಲಿಯೇ ಆರಂಭವಾಯಿತು. ವಸ್ತುವು ಬಂದಾಗ ಅಂಚೆಯವನ ಕೈಗೆ ಹಣ ಕೊಟ್ಟು ಬಿಡಿಸಿಕೊಳ್ಳುವ ಈ ಏರ್ಪಾಡಿಗೂ, ಇಂದಿನ ಆನ್‌ಲೈನ್ ಅಂಗಡಿಗಳು ಪೊಟ್ಟಣ ಕೊಟ್ಟು ಹಣ ಪಡೆಯುವುದಕ್ಕೂ ತತ್ತ್ವದಲ್ಲಿ ಭೇದವಿಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಸಂಸ್ಥೆಯು ಮೊದಲು ಮಾರುತ್ತಿದ್ದುದು ಪುಸ್ತಕಗಳನ್ನು ಮಾತ್ರ. ಅದರ ಪ್ರಥಮ ಪುಸ್ತಕವನ್ನು ತರಿಸಿಕೊಂಡ ಗ್ರಾಹಕರು ಬೆಂಗಳೂರಿನವರಲ್ಲ, ನಮ್ಮಿಂದ ಸುಮಾರು 100 ಕಿಲೋಮೀಟರು ದೂರದ ಮಹಬೂಬ್‌ನಗರದವರು. ಸಣ್ಣ ಊರಿನ ಓದುಗನಿಗೆ ಹತ್ತಿರದ ಅಂಗಡಿಯಲ್ಲಿ ದೊರೆಯದ ಗ್ರಂಥವು ಬೇಕಾಗಿತ್ತು. ಈ ವ್ಯಾಪಾರದ ಬೀಜವು ಅಂಥ ಬೇಡಿಕೆಯಲ್ಲಿದೆ.

ಹೈದರಾಬಾದಿನ ಕನ್ನಡಿಗರಾದ ನಾವು ಈ ಮಾತನ್ನು ಇತರರಿಗಿಂತ ಹೆಚ್ಚಾಗಿ ಗಮನಿಸಬೇಕು. 1956ರ ನವೆಂಬರ್ 1ರಂದು ಬೀದರ, ಕಲಬುರ್ಗಿ, ರಾಯಚೂರುಗಳು ಕನ್ನಡನಾಡನ್ನು ಸೇರಿದವು. ಈ ನಗರದಲ್ಲಿ ಮನೆಮಾಡಿದ್ದ ಕನ್ನಡ ಕುಟುಂಬಗಳು ಇಲ್ಲಿಯೇ ಉಳಿದವು. ಕೋಠಿಯಲ್ಲಿಯೂ ಭಾನುವಾರದ ಆಬಿಡ್ಸ್ ಬೀದಿಯಲ್ಲಿಯೂ ಇಂಗ್ಲಿಷ್, ತೆಲುಗು ಗ್ರಂಥಗಳು ರಾಶಿಯಾಗಿ ಬಿದ್ದಿರುತ್ತವೆ. ಆದರೆ ಹತ್ತನೆಯ ತರಗತಿಯ ಬಾಲಕನೊಬ್ಬನಿಗೆ ಒಳ್ಳೆಯ ಕನ್ನಡ ಕಾದಂಬರಿಯೊಂದನ್ನು ಉಡುಗೊರೆಯಾಗಿ ಕೊಡಬೇಕೆಂದು ಹೊರಟವರು ಎಷ್ಟು ಅಂಗಡಿ ಸುತ್ತಿದರೂ ಬರಿಗೈಯಲ್ಲಿ ಹಿಂದಿರುಗುವ ಸಂಭವವೇ ಹೆಚ್ಚು. ಇಂದು ಬೆಂಗಳೂರಿನ ನವಕರ್ನಾಟಕ, ಸಪ್ನ ಮುಂತಾದ ಪುಸ್ತಕ ಸಂಸ್ಥೆಗಳು ಅಂತರ್ಜಾಲದಲ್ಲಿಯೇ ಅಂಗಡಿ ತೆರೆದಿವೆ. ನಾವು ಬಯಸಿದ ಕನ್ನಡ ಪುಸ್ತಕವು ಕೆಲವೇ ದಿನಗಳಲ್ಲಿ ಕಾಚಿಗೂಡೆಯ ಮನೆಯ ಬಾಗಿಲಿಗೆ ಬರುತ್ತದೆ. ಆನ್‌ಲೈನ್ ಖರೀದಿಯಿಂದ ನಮಗೆ ಬೇರಾವ ಪ್ರಯೋಜನವೂ ಇಲ್ಲದಿದ್ದರೂ ಇದೊಂದಕ್ಕಾಗಿಯೇ ಅದನ್ನು ಸ್ವಾಗತಿಸುತ್ತಿದ್ದೆವು.

ಹಾಗಾದರೆ ನಮ್ಮ ಆಕ್ಷೇಪವೇನು? ಮೊಬೈಲನ್ನು ತೆರೆದ ಕೂಡಲೆ ನಮ್ಮ ಕಣ್ಣಿಗೆ ಬೀಳುವುದು ವಸ್ತುವಲ್ಲ, ರಿಯಾಯಿತಿ. ನೂರಕ್ಕೆ ಅರುವತ್ತು ಕಡಿತ, ಇನ್ನು ಎರಡು ಗಂಟೆ ಮಾತ್ರ ಎಂದು ಅದು ಅವಸರಪಡಿಸುತ್ತದೆ. ಮೊದಲು ರಿಯಾಯಿತಿಯನ್ನು ಕಂಡು ವಸ್ತುವನ್ನು ಕೊಳ್ಳುತ್ತೇವೆ. ಆಮೇಲೆ ಅದನ್ನು ಯಾರಿಗೆ ಕೊಡೋಣವೆಂದು ಯೋಚಿಸುತ್ತೇವೆ. ಉಡುಗೊರೆಯ ಕ್ರಮವೇ ತಲೆಕೆಳಗಾಯಿತಲ್ಲವೆ? ಬಜಾರಿನಲ್ಲಿಯೂ ರಿಯಾಯಿತಿಯ ಹಲಗೆಗಳಿಲ್ಲವೆಂದಲ್ಲ. ಆದರೆ ಅಲ್ಲಿಗೆ ಹೊರಟವರು ಮನೆಯಲ್ಲಿಯೇ ಪಟ್ಟಿ ಬರೆದಿರುತ್ತಾರೆ: ಸೋದರತ್ತೆಗೆ ಇದು, ತಂಗಿಯ ಮಗನಿಗೆ ಅದು ಎಂದು. ದಾರಿಯುದ್ದಕ್ಕೂ ಆ ಅತ್ತೆಯ ಇಷ್ಟಾನಿಷ್ಟಗಳೇ ಮಾತಿನ ವಿಷಯ.

ಈ ತಪ್ಪನ್ನು ನಾವೂ ಮಾಡಿದ್ದೇವೆ. ಕಳೆದ ದೀಪಾವಳಿಗೆ ರಾಯಚೂರಿನಲ್ಲಿರುವ ನಮ್ಮ ಸೋದರತ್ತೆಯವರಿಗೆ, ಅರ್ಧ ಬೆಲೆಗೆ ದೊರೆಯಿತೆಂಬ ಹಿಗ್ಗಿನಲ್ಲಿ, ಗಾಜಿನ ದೀಪಗಳ ಒಂದು ಜೊತೆಯನ್ನು ಆನ್‌ಲೈನಿನಲ್ಲಿಯೇ ಕೊಂಡು ನೇರವಾಗಿ ಅವರ ವಿಳಾಸಕ್ಕೆ ಕಳುಹಿಸಿದೆವು. ಪೊಟ್ಟಣದ ಮೇಲೆ ಮಾರಾಟಗಾರನ ಹೆಸರಿತ್ತು, ನಮ್ಮ ಹೆಸರಿರಲಿಲ್ಲ. ಇದಾರದೋ ತಪ್ಪಿ ಬಂದಿದೆಯೆಂದು ತಿಳಿದ ಅತ್ತೆಯವರು ಅದನ್ನು ಬಿಚ್ಚದೆ ಕಪಾಟಿನ ಮೇಲಿಟ್ಟರು. ಹಬ್ಬ ಕಳೆದು ನಾಲ್ಕು ದಿನಗಳಾದ ಮೇಲೆ ನಾವಾಗಿಯೇ ಫೋನು ಮಾಡಿ ಕೇಳಿದಾಗ, "ಅದು ನೀವು ಕಳಿಸಿದ್ದೇನಪ್ಪಾ? ದೀಪ ಹಚ್ಚೋ ದಿನ ಹೋದವಲ್ಲ" ಎಂದು ನಕ್ಕರು. ಅವರು ನಕ್ಕರೂ ನಮಗೆ ನಗು ಬರಲಿಲ್ಲ. ದಸರೆಯ ಸಂಜೆ ಅದೇ ಅತ್ತೆಯವರ ಮನೆಯಲ್ಲಿ ಬನ್ನಿಯ ಎಲೆಯನ್ನು ಬಂಗಾರವೆಂದು ಕೈಯಿಂದ ಕೈಗೆ ಕೊಡುತ್ತಾರೆ. ನಮ್ಮ ತೆಲುಗು ನೆರೆಯವರು ಜಮ್ಮಿಯ ಎಲೆಯನ್ನು ಹಾಗೆಯೇ ಕೊಡುತ್ತಾರೆ. ಬೆಲೆಯೇ ಇಲ್ಲದ ಆ ಎಲೆಯನ್ನು ತಪ್ಪಿ ಬಂದದ್ದೆಂದು ಯಾರೂ ಕಪಾಟಿನ ಮೇಲಿಡುವುದಿಲ್ಲ.

ಕೆಲವು ವಸ್ತುಗಳಂತೂ ಅಂಗಡಿಗೆ ಹೋಗದೆ ಕೊಳ್ಳತಕ್ಕವೇ ಅಲ್ಲ. ಚಾರ್‌ಮಿನಾರಿನ ಪಕ್ಕದ ಲಾಡ್ ಬಜಾರಿನ ಅರಗಿನ ಬಳೆಗಳನ್ನು ನೋಡಿ. ಅರಗನ್ನು ಕೆಂಡದ ಕಾವಿನಲ್ಲಿ ಮೆದುಗೊಳಿಸಿ, ಎಳೆದು, ದುಂಡಗೆ ಬಾಗಿಸಿ, ಬಿಸಿಯಿರುವಾಗಲೇ ಕನ್ನಡಿಯ ಚೂರುಗಳನ್ನೂ ಹರಳುಗಳನ್ನೂ ಒಂದೊಂದಾಗಿ ಕೂಡಿಸುತ್ತಾರೆ. 2024ರಲ್ಲಿ ಹೈದರಾಬಾದಿನ ಈ ಬಳೆಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಬಳೆಯ ಅಳತೆಯನ್ನು 'ಎರಡು-ನಾಲ್ಕು', 'ಎರಡು-ಆರು' ಎಂದು ಹೇಳುವುದು ರೂಢಿ. ಎರಡು-ನಾಲ್ಕೆಂದರೆ 2 ಅಂಗುಲದ ಮೇಲೆ ಅಂಗುಲದ 16 ಪಾಲಿನಲ್ಲಿ 4 ಪಾಲು, ಅಂದರೆ ಎರಡೂಕಾಲು ಅಂಗುಲದ ಒಳವ್ಯಾಸ. ಮೊಬೈಲಿನಲ್ಲಿ ಇದನ್ನು 2.4 ಎಂದು ಬರೆದಿರುತ್ತಾರೆ; ಗಣಿತದಲ್ಲಿ ಜಾಣರಾದ ನಮ್ಮ ವಿದ್ಯಾರ್ಥಿಗಳು ಅದನ್ನು ದಶಾಂಶವೆಂದು ತಿಳಿದು ಮೋಸಹೋದಾರು! ಲಾಡ್ ಬಜಾರಿನ ಅನುಭವಿ ಬಳೆಗಾರನಿಗೆ ಈ ಲೆಕ್ಕ ಬೇಕಿಲ್ಲ. ಕೈಯನ್ನು ಒಮ್ಮೆ ನೋಡಿ ಅಳತೆ ಹೇಳುತ್ತಾನೆ, ಬಳೆ ಒಡೆಯದಂತೆ ತೊಡಿಸುತ್ತಾನೆ, ಬಣ್ಣ ಒಪ್ಪದಿದ್ದರೆ ಇನ್ನೊಂದು ಡಬ್ಬಿ ಬಿಚ್ಚುತ್ತಾನೆ. ಚೌಕಾಸಿಯನ್ನು ಅವನೂ ನಿರೀಕ್ಷಿಸಿಯೇ ಬೆಲೆ ಹೇಳಿರುತ್ತಾನೆ, ಆದುದರಿಂದ ಸಂಕೋಚಪಡಬೇಕಾದುದಿಲ್ಲ.

ಜನ ಸೇರುವುದರಿಂದ ಊರಿಗೂ ಉಪಕಾರವುಂಟು. 1938ರಲ್ಲಿ ಆರಂಭವಾಗಿ 1946ರಿಂದ ನಾಂಪಲ್ಲಿಯ ಮೈದಾನದಲ್ಲಿ ನಡೆಯುತ್ತಿರುವ ನುಮಾಯಿಷ್ ಪ್ರದರ್ಶನವನ್ನು ನಡೆಸುವ ಸಂಘವು ವನಿತಾ ಮಹಾವಿದ್ಯಾಲಯವೇ ಮೊದಲಾದ ಅನೇಕ ವಿದ್ಯಾಸಂಸ್ಥೆಗಳನ್ನು ಪೋಷಿಸುತ್ತಿದೆ. ಸಂಕ್ರಾಂತಿಯ ಸಂದಣಿಯಲ್ಲಿ ನಾವು ಕೊಂಡ ಟಿಕೇಟಿನ ಹಣದಲ್ಲಿ ಅಲ್ಪಾಂಶವಾದರೂ ಯಾವಳೋ ಬಾಲಿಕೆಯ ವಿದ್ಯೆಗೆ ಸಂದಿರುತ್ತದೆ.

ಮನೆಯಲ್ಲಿ ಕುಳಿತು ಕೊಂಡರೆ ಶ್ರಮವೇ ಇಲ್ಲವೆನ್ನುವುದೂ ಪೂರ್ಣಸತ್ಯವಲ್ಲ. ನಮ್ಮ ಶ್ರಮವನ್ನು ಇನ್ನೊಬ್ಬನು ಹೊರುತ್ತಾನೆ. ಹಬ್ಬದ ದಿನಗಳಲ್ಲಿ ಲಿಫ್ಟಿಲ್ಲದ ನಾಲ್ಕನೆಯ ಮಹಡಿಗೆ ಪೊಟ್ಟಣಗಳ ಚೀಲವನ್ನು ಹೊತ್ತು ಏರುವ ತರುಣನನ್ನು ಎಲ್ಲರೂ ಕಂಡಿದ್ದೇವೆ. ಇಂಥವರ ಹಿತರಕ್ಷಣೆಗೆ 2023ರಲ್ಲಿ ರಾಜಸ್ಥಾನವೂ 2025ರಲ್ಲಿ ಕರ್ನಾಟಕವೂ ಶಾಸನಗಳನ್ನು ಮಾಡಿದವು. ಶಾಸನವು ಮಾಡುವುದನ್ನು ಮಾಡಲಿ. ಒಂದು ಲೋಟ ನೀರು ಕೊಡಲು ಶಾಸನ ಬೇಕಿಲ್ಲ. ಇನ್ನು ವಸ್ತುವು ಕೆಟ್ಟಿದ್ದರೆ ಸುಮ್ಮನಿರಬೇಡಿ. 2020ರ ನಿಯಮಗಳಂತೆ ಆನ್‌ಲೈನ್ ಅಂಗಡಿಯು ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿದುದಾಗಿ ತಿಳಿಸತಕ್ಕದ್ದು. ಅದೂ ಆಗದಿದ್ದರೆ 1915 ಎಂಬ ಸಂಖ್ಯೆಗೆ ಮನೆಯ ಹಿರಿಯರಿಂದ ಫೋನು ಮಾಡಿಸಬಹುದು.

ಬರುವ ಯುಗಾದಿಗೆ ನಾವು ಈಗಲೇ ಪಟ್ಟಿ ಬರೆದಿದ್ದೇವೆ. ತಂಗಿಯ ಮಗನಿಗೆ ಎರಡು ಕನ್ನಡ ಪುಸ್ತಕಗಳು ಬೆಂಗಳೂರಿನಿಂದ ಪೊಟ್ಟಣದಲ್ಲಿ ಬರುತ್ತವೆ. ಅವನ್ನು ಮೊದಲು ನಮ್ಮ ಮನೆಗೇ ತರಿಸಿ, ಒಳಪುಟದಲ್ಲಿ ಹೆಸರು ಬರೆದು ಕೊಡುತ್ತೇವೆ. ಅತ್ತೆಯವರಿಗೆ ಲಾಡ್ ಬಜಾರಿನ ಬಳೆಗಳು. ಅವರ ಕೈಯ ಅಳತೆಗೆಂದು ಹಳೆಯ ಬಳೆಯೊಂದು ಸಂಕ್ರಾಂತಿಗೆ ಬಂದವರ ಕೈಯಲ್ಲಿ ರಾಯಚೂರಿನಿಂದ ಬಂದು, ನಮ್ಮ ಮೇಜಿನ ಮೇಲೆ ಕುಳಿತಿದೆ.