ಹಣೆಬರಹಕ್ಕೆ ಶಿಲುಬೆ ಬಳಿದರೆ ದೇವರ ಚಿತ್ತವಾಗದು

ಸಾವಿನ ಮನೆಗೆ ಹೋದಾಗ ನಾವು ಕ್ರೈಸ್ತರು ಮೊದಲು ಆಡುವ ಮಾತು 'ದೇವರ ಚಿತ್ತ'. ಕಳೆದ ವರ್ಷ ಕಲ್ಯಾಣದ ಒಂದು ಮನೆಯಲ್ಲಿ ಒಂದೇ ಸಂಜೆ ಹತ್ತಾರು ಬಾಯಿಗಳಲ್ಲಿ ಅದನ್ನು ಕೇಳಿದೆ. 34 ವರ್ಷದ ಗಂಡಸು ಲೋಕಲ್ ರೈಲಿನಿಂದ ಬಿದ್ದು ಸತ್ತಿದ್ದ. ಹೆಂಡತಿ ಗೋಡೆಗೊರಗಿ ಕೂತಿದ್ದಳು. ಬಂದವರೆಲ್ಲ ಅವಳ ತಲೆಯ ಮೇಲೆ ಕೈಯಿಟ್ಟು ಅದನ್ನೇ ಹೇಳಿ, ಚಹಾ ಕುಡಿದು ಹೋದರು. ಕೊನೆಗೆ ಅವಳು ಕೇಳಿದಳು: "ಇದು ದೇವರ ಚಿತ್ತವಾದರೆ, ದೇವರ ಹತ್ತಿರ ನಾನು ಜಗಳ ಆಡಬಹುದಾ?" ಯಾರೂ ಉತ್ತರಿಸಲಿಲ್ಲ. ಹಿರಿಯರೊಬ್ಬರು "ಹಾಗೆಲ್ಲ ಮಾತಾಡಬಾರದಮ್ಮ" ಎಂದರು.

ಆಡಬಹುದು. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ದೇವರು ಸಾರ್ವಭೌಮ, ಆತನ ಕೈಮೀರಿ ಏನೂ ನಡೆಯದು ಎಂದು ನಂಬುವವನು ನಾನು. ನನ್ನ ತಕರಾರು ಆ ನಂಬಿಕೆಯ ಮೇಲಲ್ಲ. ಅದರ ಹೆಸರಿನಲ್ಲಿ ನಮ್ಮ ಸಭೆಗಳಲ್ಲಿ ಚಲಾವಣೆಯಾಗುತ್ತಿರುವ ಖೋಟಾ ನಾಣ್ಯದ ಮೇಲೆ.

ಹಣೆಬರಹಕ್ಕೆ ಹೊಣೆ ಯಾರು ಎಂದು ಕನ್ನಡದಲ್ಲೊಂದು ಗಾದೆಯಿದೆ. ಯಾರೂ ಅಲ್ಲ ಎಂಬುದೇ ಅದರ ಅರ್ಥ. ಹಣೆಬರಹಕ್ಕೆ ಮುಖವಿಲ್ಲ, ಕಿವಿಯಿಲ್ಲ, ತಟ್ಟಲು ಬಾಗಿಲಿಲ್ಲ. ನಮ್ಮ ಹಿರಿಯರು ದೀಕ್ಷಾಸ್ನಾನ ಪಡೆಯುವಾಗ ಎಷ್ಟೋ ಬಿಟ್ಟುಬಂದರು. ಹಣೆಬರಹವನ್ನು ಮಾತ್ರ ಗಂಟಿನಲ್ಲಿ ಕಟ್ಟಿ ತಂದು, ಮೇಲೊಂದು ಶಿಲುಬೆ ಬಳಿದು, ದೇವರ ಚಿತ್ತ ಎಂದು ಕರೆದರು. ಆದರೆ ಚಿತ್ತ ಎಂದಮೇಲೆ ಅದು ಒಬ್ಬರ ಚಿತ್ತ. ಅಲ್ಲಿ ಹೊಣೆ ಹೊತ್ತವನೊಬ್ಬನಿದ್ದಾನೆ. ಹೊಣೆ ಹೊತ್ತವನನ್ನು ಕೇಳಬಹುದು.

ಬೈಬಲ್‌ನಲ್ಲಿ ಹಾಗೆ ಕೇಳಿದವರಲ್ಲಿ ದೊಡ್ಡವನು ಯೋಬ. ಅವನ ಪುಸ್ತಕದಲ್ಲಿ 42 ಅಧ್ಯಾಯಗಳಿವೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡವನು ತಲೆಬಾಗಿ ಮಾತಾಡುವುದು ಮೊದಲ ಎರಡರಲ್ಲಿ. ನಮ್ಮ ಪ್ರಸಂಗಗಳು ಅಲ್ಲಿಗೇ ನಿಲ್ಲುತ್ತವೆ. ಮೂರನೆಯ ಅಧ್ಯಾಯದಲ್ಲಿ ಆತ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ಮುಂದೆ ದೇವರೊಡನೆ ವಾದಕ್ಕೇ ಇಳಿಯುತ್ತಾನೆ. ನೋಡಲು ಬಂದ ಗೆಳೆಯರು ಏಳು ದಿನ ಏಳು ರಾತ್ರಿ ಬಾಯಿ ಬಿಡದೆ ಅವನ ಜತೆ ನೆಲದ ಮೇಲೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟಮೇಲೆ ಆಡಿದ್ದು ನಮ್ಮ ಸಾಂತ್ವನ ಕೂಟಗಳ ಮಾತೇ: ದೇವರು ನ್ಯಾಯವಂತ, ಸುಮ್ಮನೆ ಹೊಡೆಯುವವನಲ್ಲ, ನಿನ್ನಲ್ಲೇ ಏನೋ ತಪ್ಪಿದೆ. ಕೊನೆಯಲ್ಲಿ ದೇವರು ಯೋಬನನ್ನೂ ಗದರಿಸುತ್ತಾನೆ, ನಿಜ. ಆದರೆ ತನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬ, ಗೆಳೆಯರಲ್ಲ ಎಂದು ತೀರ್ಪು ಕೊಡುತ್ತಾನೆ. ದೇವರ ಪರ ವಕಾಲತ್ತು ವಹಿಸಿದವರು ಸೋತರು, ದೇವರೊಡನೆ ವಾದಿಸಿದವನು ಗೆದ್ದ.

ಯೇಸುವನ್ನೇ ನೋಡಿ. ಸಿಲೋವದ ಗೋಪುರ ಬಿದ್ದು 18 ಜನ ಸತ್ತಾಗ, ಅವರು ಹೆಚ್ಚಿನ ಪಾಪಿಗಳು ಎಂಬ ವಿವರಣೆಯನ್ನು ಆತ ಒಪ್ಪಲಿಲ್ಲ. ಲಾಜರನನ್ನು ಇನ್ನೇನು ಎಬ್ಬಿಸಲಿದ್ದೇನೆ ಎಂದು ತಿಳಿದೂ ಸಮಾಧಿಯ ಬಳಿ ಅತ್ತ. ಗೆತ್ಸೇಮನೆಯಲ್ಲಿ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿದ. ಆದರೆ ಮೊದಲು ಆ ಪಾತ್ರೆ ತನ್ನಿಂದ ತಪ್ಪಿಹೋಗಲಿ ಎಂದು ಬೇಡಿಕೊಂಡ. ಬೇಡಿಕೆಯೇ ಇಲ್ಲದ ಒಪ್ಪಿಗೆ ವಿಶ್ವಾಸವಲ್ಲ, ದಣಿವು. ಇನ್ನೊಂದನ್ನೂ ಗಮನಿಸಿ: ಆ ಮಾತು ಮೊಣಕಾಲೂರಿದವನ ಬಾಯಿಂದ ಬಂತು. ಪಕ್ಕದಲ್ಲಿ ನಿದ್ದೆ ಹೊಡೆಯುತ್ತಿದ್ದ ಶಿಷ್ಯರು ಅದನ್ನು ಆತನಿಗೆ ಹೇಳಿಕೊಡಲಿಲ್ಲ.

ಇದು ಕಷ್ಟದ ಮಾತಾಯಿತು. ಪಾಪದ ವಿಷಯಕ್ಕೆ ಬಂದರೆ ಈ ಖೋಟಾ ನಾಣ್ಯ ಇನ್ನೂ ಅಪಾಯಕಾರಿ. ಕೆಲವು ವರ್ಷಗಳ ಹಿಂದೆ ನಾನು ಹೋಗುತ್ತಿದ್ದ ಸಭೆಯಲ್ಲಿ, ಮನೆಗೆಲಸದ ಹೆಂಗಸರು ತಿಂಗಳು ತಿಂಗಳು ಕಟ್ಟಿದ್ದ ಉಳಿತಾಯದ ಹಣವನ್ನು ಅದನ್ನು ನೋಡಿಕೊಳ್ಳುತ್ತಿದ್ದವರೇ ನುಂಗಿದರು. ವರ್ಷ ಕಳೆಯುವುದರೊಳಗೆ ವೇದಿಕೆ ಹತ್ತಿ ಸಾಕ್ಷಿ ಹೇಳಿದರು: ನನ್ನ ಗರ್ವ ಮುರಿಯಲು ದೇವರು ನನ್ನನ್ನು ಬೀಳಲು ಬಿಟ್ಟರು, ಎಲ್ಲವೂ ಒಳ್ಳೆಯದಕ್ಕೇ ಆಯಿತು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಹಣ ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಆ ಹೆಂಗಸರಿಗೆ ಸಿಕ್ಕಿದ್ದು ಕ್ಷಮಿಸಬೇಕೆಂಬ ಉಪದೇಶ.

ಇಂಥವರಿಗೆ ಆಸರೆಯಾಗುವುದು ಯೋಸೇಫನ ಕಥೆ. ಅಣ್ಣಂದಿರು ಅವನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರಿದರು. ಅದನ್ನೇ ದೇವರು ಅನೇಕರ ಜೀವ ಉಳಿಸಲು ಬಳಸಿಕೊಂಡ ಎಂದು ಮುಂದೆ ಯೋಸೇಫ ಹೇಳುತ್ತಾನೆ. ಹೇಳಿದವನು ಯಾರು? ಮಾರಿದವರಲ್ಲ, ಮಾರಾಟವಾದವನು. ಅದೂ ಹೇಗೆ? ನೀವು ನನಗೆ ಕೇಡನ್ನೇ ಬಗೆದಿರಿ ಎಂದು ಮೊದಲು ಅವರ ಮುಖಕ್ಕೇ ಹೇಳಿ. ಅದಕ್ಕೂ ಮುಂಚೆ, ಮಾರೋಣ ಎಂದು ಸೂಚಿಸಿದ್ದ ಯೂದನೇ ಕಿರಿಯ ತಮ್ಮನ ಬದಲು ತಾನು ಗುಲಾಮನಾಗುತ್ತೇನೆ ಎಂದು ಮುಂದೆ ಬಂದಿದ್ದ. ಆ ದಾರಿಯನ್ನೆಲ್ಲ ಹಾರಿ, ಕೊನೆಯ ವಾಕ್ಯವನ್ನು ಮಾತ್ರ ಕಿತ್ತುಕೊಂಡು ಅಪರಾಧಿಯೇ ಹೇಳಿದರೆ ಅದು ಎರಡನೆಯ ಕಳ್ಳತನ.

ಪಂಚಾಶತ್ತಮ ದಿನದ ಪ್ರಸಂಗದಲ್ಲಿ ಪೇತ್ರನೂ ಈ ಎರಡನ್ನು ಒಂದೇ ಉಸಿರಿನಲ್ಲಿ ಹೇಳಿದ: ಯೇಸು ದೇವರ ಸಂಕಲ್ಪದಂತೆಯೇ ಒಪ್ಪಿಸಲ್ಪಟ್ಟ, ಮತ್ತು ಆತನನ್ನು ಕೊಂದವರು ನೀವು. ಒಂದು ಇನ್ನೊಂದನ್ನು ಅಳಿಸಲಿಲ್ಲ. ದೇವರ ಸಾರ್ವಭೌಮತ್ವವನ್ನು ಅಷ್ಟು ಒತ್ತಿ ಹೇಳಿದ ಜಾನ್ ಕ್ಯಾಲ್ವಿನ್ ಕೂಡ ತನ್ನ 'ಇನ್‌ಸ್ಟಿಟ್ಯೂಟ್ಸ್' ಗ್ರಂಥದಲ್ಲಿ ಇದನ್ನು ಪಾಪಕ್ಕೆ ನೆಪ ಮಾಡಿಕೊಳ್ಳುವವರನ್ನು ತರಾಟೆಗೆ ತೆಗೆದುಕೊಂಡಿದ್ದಾನೆ. ಬಿಸಿಲಿಗೆ ಹೆಣ ಕೊಳೆತು ನಾರುತ್ತದೆ. ಹಾಗೆಂದು ನಾತ ಸೂರ್ಯನದೆಂದು ಯಾರೂ ಅನ್ನುವುದಿಲ್ಲ ಎಂಬುದು ಅವನ ವಾದ. ಅದೇ ಕ್ಯಾಲ್ವಿನ್ 1549ರಲ್ಲಿ ಹೆಂಡತಿ ಇಡೆಲೆಟ್ ತೀರಿಕೊಂಡಾಗ ಗೆಳೆಯರಿಗೆ ಬರೆದ ಪತ್ರಗಳಲ್ಲಿ ತನ್ನ ದುಃಖವನ್ನು ಬಚ್ಚಿಡಲಿಲ್ಲ.

ಹಾಗಾದರೆ ಬಿದ್ದವನಿಗೆ ದಾರಿಯಿಲ್ಲವೇ? ಇದೆ. ಅದು ಜಕ್ಕಾಯನ ದಾರಿ. ಆ ಸುಂಕದವನು ಯೇಸುವಿನ ಮುಂದೆ ನಿಂತು, ದೇವರು ನನ್ನನ್ನು ಬೀಳಲು ಬಿಟ್ಟ ಎನ್ನಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಕಿತ್ತುಕೊಂಡದ್ದಕ್ಕೆ ನಾಲ್ಕು ಪಟ್ಟು ವಾಪಸ್ಸು ಎಂದ. ಅವನ ಸಾಕ್ಷಿಯಲ್ಲಿ ಲೆಕ್ಕವಿತ್ತು. ಲೆಕ್ಕವಿಲ್ಲದ ಸಾಕ್ಷಿಗೆ ಚಪ್ಪಾಳೆ ತಟ್ಟುವುದನ್ನು ನಾನು ನಿಲ್ಲಿಸಿದ್ದೇನೆ. ನೀವೂ ನಿಲ್ಲಿಸಿ.

ಸಾವಿನ ಮನೆಯಲ್ಲಿ ಏನು ಮಾಡಬೇಕು ಎಂದು ಕೇಳಿದರೆ, ಮೊದಲು ನೆಲದ ಮೇಲೆ ಕೂರಬೇಕು. ಆಮೇಲೆ ಕೈಲಾದ ಕೆಲಸ ಹುಡುಕಬೇಕು. ರೈಲಿನಿಂದ ಆಕಸ್ಮಿಕವಾಗಿ ಬಿದ್ದು ಸತ್ತ ಪ್ರಯಾಣಿಕನ ಮನೆಯವರಿಗೆ ರೈಲ್ವೆ ಕಾಯ್ದೆಯಡಿ 8 ಲಕ್ಷ ರೂಪಾಯಿ ಪರಿಹಾರವಿದೆ. ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್‌ಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಟಿಕೆಟ್ ಅಥವಾ ಪಾಸ್ ಜೋಪಾನವಾಗಿಡಬೇಕು. ಆ ಸಂಜೆ ಕಲ್ಯಾಣಕ್ಕೆ ಬಂದ ನಮ್ಮಲ್ಲಿ ಒಬ್ಬರೂ ಇದನ್ನು ಅವಳಿಗೆ ಹೇಳಲಿಲ್ಲ. ದೇವರ ಚಿತ್ತ ತಿಳಿದಿದ್ದ ನಮಗೆ ಅವನ ಪಾಸ್ ಎಲ್ಲಿದೆ ಎಂದು ಕೇಳಲು ತೋಚಲಿಲ್ಲ.

ಅವಳ ಪ್ರಶ್ನೆಗೆ ಅಂದು ನಾನೂ ಸುಮ್ಮನಿದ್ದೆ. ತಡವಾಗಿಯಾದರೂ ಉತ್ತರ ಇದು: ಆಡಮ್ಮ, ಜಗಳ ಆಡು. ಹಣೆಬರಹದ ಜತೆ ಜಗಳ ಆಡಲಾಗದು, ಅಲ್ಲಿ ಯಾರೂ ಇಲ್ಲ. ದೇವರ ಹತ್ತಿರ ಆಡಬಹುದು. ಆತ ಇದ್ದಾನೆ ಎಂದು ನಂಬಿದವರು ಮಾತ್ರ ಆತನೊಡನೆ ಜಗಳಕ್ಕೆ ನಿಲ್ಲುತ್ತಾರೆ.