ಕ್ಯಾಸನೂರಿನ ರಕ್ತ, ಪುಣೆಯ ಅರಿವು

ಪುಣೆಯ ಡಾ. ಅಂಬೇಡ್ಕರ್ ರಸ್ತೆಯಲ್ಲಿರುವ ರಾಷ್ಟ್ರೀಯ ವಿಷಾಣು ವಿಜ್ಞಾನ ಸಂಸ್ಥೆಯ ಮುಂದೆ ನಮ್ಮಲ್ಲಿ ಅನೇಕರು ಹಾದುಹೋಗುತ್ತೇವೆ. ಆ ಕಟ್ಟಡಕ್ಕೂ ನಮ್ಮ ಮಲೆನಾಡಿಗೂ ಏನು ನಂಟು ಎಂದು ಕೇಳಿಕೊಂಡವರು ವಿರಳ. ಹೊರನಾಡ ಕನ್ನಡಿಗರು ಕೇಳಿಕೊಳ್ಳಬೇಕಾದ ಪ್ರಶ್ನೆ ಅದು.

1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗಳ ಸಹಯೋಗದಲ್ಲಿ ಇಲ್ಲಿ ವೈರಸ್ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಐದು ವರ್ಷಗಳ ತರುವಾಯ, 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲ ಹಳ್ಳಿಗಳ ಜನರೂ ಜ್ವರದಿಂದ ಮಲಗಿದರು. ಭಾರತದಲ್ಲಿ ಎಂದೂ ಕಾಣದ ಹಳದಿ ಜ್ವರವೇ ಬಂದಿತೋ ಎಂಬ ಆತಂಕ ಹುಟ್ಟಿತು. ಪುಣೆಯಿಂದ ತಂಡ ಧಾವಿಸಿತು. ಸತ್ತ ಮುಸುವದ ದೇಹದಿಂದ ಬೇರ್ಪಡಿಸಿದ ವೈರಾಣು ಹಳದಿ ಜ್ವರದ್ದಲ್ಲ, ರಷ್ಯದ ವಸಂತ-ಬೇಸಿಗೆ ಮೆದುಳುಜ್ವರದ ವೈರಾಣುವಿನ ಬಂಧುವೆಂದು ತಿಳಿಯಿತು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಅದೇ ವರ್ಷ ಈ ಹೊಸ ರೋಗವನ್ನು ಲೋಕಕ್ಕೆ ಪರಿಚಯಿಸಿದರು. ಮಲೆನಾಡಿಗರು ಉಣುಗು ಎನ್ನುವ ಕೀಟವೇ ಅದನ್ನು ಮನುಷ್ಯನಿಗೆ ಅಂಟಿಸುತ್ತದೆಂಬುದೂ ಸ್ಪಷ್ಟವಾಯಿತು. ಸೊಪ್ಪು, ದರಗು, ಕಟ್ಟಿಗೆಗೆಂದು ಕಾಡಿಗೆ ಹೋಗುವ ಬಡವನೇ ಅದರ ಮೊದಲ ಬಲಿ.

ವೈರಾಣುವನ್ನು ಗುರುತಿಸುವುದು ವಿಜ್ಞಾನದ ಒಂದು ಗೆಲುವು. ಅದು ಮನುಷ್ಯನ ಒಳಗೆ ಹೇಗೆ ಬೆಳೆಯುತ್ತದೆ ಎಂಬುದನ್ನು ಅರಿಯುವುದು ಮತ್ತೊಂದು, ಇನ್ನೂ ಕಠಿಣವಾದದ್ದು. ಮಂಗನ ಕಾಯಿಲೆಯ ವಂಚಕ ಗುಣವನ್ನು ನೋಡಿ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ, ಹಣೆಯಲ್ಲಿ ತಡೆಯಲಾಗದ ನೋವು, ಮೈಕೈ ಸೆಳೆತ, ಕೆಲವರಿಗೆ ಮೂಗು ಒಸಡುಗಳಿಂದ ರಕ್ತಸ್ರಾವ. ಒಂದೆರಡು ವಾರಗಳಲ್ಲಿ ಜ್ವರ ಇಳಿಯುತ್ತದೆ. ಮನೆಯವರು ದೇವರಿಗೆ ದೀಪ ಹಚ್ಚುತ್ತಾರೆ. ಆದರೆ ಶೇಕಡಾ 10ರಿಂದ 20ರಷ್ಟು ರೋಗಿಗಳಲ್ಲಿ ಮತ್ತೊಂದೆರಡು ವಾರಗಳ ಬಳಿಕ ಜ್ವರ ಮರಳುತ್ತದೆ, ಈ ಸಲ ಮೆದುಳಿನ ಮೇಲೆ ಎರಗುತ್ತದೆ: ನಡುಕ, ಮಸುಕು ದೃಷ್ಟಿ, ಬುದ್ಧಿಭ್ರಮೆ. ಸಾಯುವವರ ಪ್ರಮಾಣ ಶೇಕಡಾ 3ರಿಂದ 5. ನಿರ್ದಿಷ್ಟ ಔಷಧಿ ಇಂದಿಗೂ ಇಲ್ಲ, ಆರೈಕೆಯೊಂದೇ ದಾರಿ. ಆದ್ದರಿಂದಲೇ ಯಾವ ದಿನ ಏನಾಗುತ್ತದೆ ಎಂಬ ಅರಿವು ಇಲ್ಲಿ ಕೇವಲ ಪಾಂಡಿತ್ಯವಲ್ಲ. ಜ್ವರ ಇಳಿದವನನ್ನು ಅಡಿಕೆ ತೋಟಕ್ಕೆ ಕಳಿಸಬೇಕೋ, ಇನ್ನಷ್ಟು ದಿನ ಕಣ್ಣಿಟ್ಟು ಕಾಯಬೇಕೋ ಎಂಬ ಪ್ರಶ್ನೆಗೆ ಅದೇ ಉತ್ತರ.

ಈ ಅರಿವು ಎಲ್ಲಿಂದ ಬಂತು? ಮಲೆನಾಡಿನ ರೈತರ, ಕೂಲಿಗಳ ತೋಳಿನಿಂದ ತೆಗೆದ ರಕ್ತದಿಂದ. ಆ ರಕ್ತ ಘಟ್ಟದ ಹಾದಿಯಲ್ಲಿ ಪುಣೆಗೆ ಬಂತು, ಇಲ್ಲಿ ಜ್ಞಾನವಾಯಿತು, ಇಂಗ್ಲಿಷಿನಲ್ಲಿ ಪ್ರಬಂಧವಾಯಿತು. ರಕ್ತ ಕೊಟ್ಟವನಿಗೆ ಅದು ಅವನ ಮಾತಿನಲ್ಲಿ ಎಷ್ಟು ಮರಳಿತು? ವಿಜ್ಞಾನಕ್ಕೆ ಭಾಷೆಯಿಲ್ಲ, ಅದು ಸಕಲರದು ಎಂಬ ಮಾತು ನಿಜ. ಆದರೆ ಸಕಲರದಾದದ್ದು ಮೂಲದವನಿಗೆ ಮಾತ್ರ ಎಟುಕದಿದ್ದರೆ ಆ ಔದಾರ್ಯ ಅರ್ಧವಷ್ಟೇ.

ಲಸಿಕೆಯ ಕಥೆ ಇದಕ್ಕೆ ಸಾಕ್ಷಿ. 1990ರಿಂದ ಕರ್ನಾಟಕದಲ್ಲಿ ಲಸಿಕೆ ಹಾಕಲಾಯಿತು. 2013ರಲ್ಲಿ ಪ್ರಕಟವಾದ ಅಧ್ಯಯನದಂತೆ ಎರಡು ಬಾರಿ ಹಾಕಿಸಿಕೊಂಡವರಿಗೆ ರಕ್ಷಣೆ ಸುಮಾರು ಶೇಕಡಾ 62. ಅದರ ಮೇಲೆ ವರ್ಧಕ ಚುಚ್ಚುಮದ್ದನ್ನೂ ಪಡೆದವರಿಗೆ ಸುಮಾರು 83. ಈ ವ್ಯತ್ಯಾಸವನ್ನು ತಿಳಿದವನು ಮತ್ತೊಂದು ನೋವಿನ ಚುಚ್ಚುಮದ್ದಿಗೆ ತೋಳು ಒಡ್ಡಿಯಾನು, ತಿಳಿಯದವನು ಒಡ್ಡುವನೆ? 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ಹಲವರು ಸತ್ತರು. 2022ರಲ್ಲಿ ಆ ಹಳೆಯ ಲಸಿಕೆಯ ಬಳಕೆಯೇ ನಿಂತಿತು. ಹೊಸದಕ್ಕಾಗಿ ವೈದ್ಯಕೀಯ ಸಂಶೋಧನಾ ಮಂಡಳಿ ಯತ್ನ ಕೈಗೊಂಡಿದೆ. ಇತ್ತ ರೋಗ ಗಡಿಗಳನ್ನು ಲೆಕ್ಕಿಸದೆ ವಯನಾಡು, ಗೋವೆಗಳನ್ನು ಮುಟ್ಟಿ 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗಕ್ಕೂ ಕಾಲಿಟ್ಟಿತು. ಇದೀಗ ಇದು ಕನ್ನಡಿಗರ ಕಾಯಿಲೆ ಮಾತ್ರವಲ್ಲ, ನಮ್ಮ ಮರಾಠಿ ನೆರೆಯವರದೂ ಹೌದು.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಯನ್ನು ಎರಡನೆಯ ಹಂತ ಕಳೆಯುವವರೆಗೆ, ಸಾಧ್ಯವಾದರೆ ವರ್ಷವಿಡೀ, ಗಮನಿಸುವ ಏರ್ಪಾಡಾಗಲಿ. ಅಧ್ಯಯನದ ಫಲಿತಾಂಶಗಳು ಕನ್ನಡದಲ್ಲಿ, ಸಿಂಧುದುರ್ಗದಲ್ಲಿ ಮರಾಠಿಯಲ್ಲಿ, ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರಲಿ. ಹೊಸ ಲಸಿಕೆಯ ಪ್ರಯೋಗಕ್ಕೆ ಒಪ್ಪಿಗೆ ಕೇಳುವಾಗ ಅದರ ಗುಣದೋಷಗಳೆರಡೂ ಅರ್ಥವಾಗುವ ಮಾತಿನಲ್ಲಿ ಹೇಳಲ್ಪಡಲಿ.

ಇದರಲ್ಲಿ ನಮ್ಮ ಪಾಲೂ ಇದೆ. ಎರಡು ಭಾಷೆಗಳ ನಡುವೆ ಬದುಕುವ ನಾವು ರಾಜ್ಯೋತ್ಸವದ ವೇದಿಕೆಯಲ್ಲಿ ನಾಡನ್ನು ನೆನೆದರೆ ಸಾಲದು. ನಮ್ಮಲ್ಲಿ ವೈದ್ಯರಿದ್ದಾರೆ, ಜೀವವಿಜ್ಞಾನ ಬಲ್ಲವರಿದ್ದಾರೆ, ಎರಡು ನುಡಿಗಳಲ್ಲೂ ಲೇಖನಿ ಹಿಡಿಯಬಲ್ಲವರಿದ್ದಾರೆ. ಪುಣೆಯಲ್ಲಿ ಹುಟ್ಟಿದ ಅರಿವನ್ನು ಕ್ಯಾಸನೂರಿಗೆ ಕನ್ನಡದಲ್ಲಿ ತಲುಪಿಸುವುದು ಅನುವಾದದ ಕೆಲಸವಷ್ಟೇ ಅಲ್ಲ, ಎಂದೋ ತೀರಿಸಬೇಕಾಗಿದ್ದ ಋಣದ ಒಂದು ಕಂತು.